ಹಾರ್ಲೋ ಅಮ್ಮನ ಬಾಗಿಲು

ಹುಟ್ಟಿದ ಗಳಿಗೆಯಲ್ಲಿ ಇಂಗ್ಲಿಷಿನಲ್ಲೇ ಅತ್ತು, ಇಂಗ್ಲಿಷಿನಲ್ಲೇ ಹಟ ಮಾಡಿ, ಕನಸನ್ನೂ ಇಂಗ್ಲಿಷಿನಲ್ಲೇ ಕಂಡು ಬೆಳೆದ ಸೆಲೀನಾ ಪಾರ್ಡಿ ಇಂಗ್ಲಿಷ್ ಪರೀಕ್ಷೆಯಲ್ಲಿ ನಪಾಸಾದಳು. ಲೆಕ್ಕದಲ್ಲಿ ಪಾಸು, ವಿಜ್ಞಾನದಲ್ಲಿ ಪಾಸು, ಸಮಾಜದ ಪಾಠದಲ್ಲೂ ಹೇಗೋ ತೇಲಿ ದಡ ಸೇರಿದ್ದಳು. ತಾಯಿಭಾಷೆಯ ಹತ್ತಿರ ಬಂದಾಗ ದೋಣಿ ಮಗುಚಿತು.

ನ್ಯೂಫೌಂಡ್‌ಲ್ಯಾಂಡ್ ದ್ವೀಪದ ದಕ್ಷಿಣ ದಂಡೆಯ ಸ್ಕಿಲೆಟ್ ಕೋವ್ ಹೆಸರಿಗೆ ತಕ್ಕಂತೆ ಬಾಣಲೆಯಷ್ಟಗಲದ ಊರು. ಒಂದು ಮೂಲೆಯಲ್ಲಿ ಒಗ್ಗರಣೆ ಬಿದ್ದರೆ ಇನ್ನೊಂದು ಮೂಲೆಯಲ್ಲಿ ಸೀನು. ಫಲಿತಾಂಶ ಕೇಳಿಕೊಂಡು ಸೆಲೀನಾ ಶಾಲೆಯ ದಿಬ್ಬ ಇಳಿದು ಮನೆ ಸೇರುವಷ್ಟರಲ್ಲಿ ಅವಳ ಸೋದರಮಾವ ಲಿಯಾಂಡರ್ ಆಗಲೇ ಅಡುಗೆಮನೆಯಲ್ಲಿ ಕೂತು ಚಹಾ ಹೀರುತ್ತಿದ್ದ.

"ಅಲ್ಲ ಕಣವ್ವಾ ಪಂಡಿತೆ, ಇಂಗ್ಲಿಷಲ್ಲಿ ಫೇಲು ಅಂದ್ರೆ, ಇಷ್ಟ್ ವರ್ಷ ನಾವೆಲ್ಲ ಮಾತಾಡ್ತಿದ್ದಿದ್ದು ಯಾವ್ ಭಾಷೆ? ಕಡಲಲ್ಲಿರೋ ಸೀಲುಗಳದ್ದಾ?"

"ಸೀಲುಗಳನ್ನ ಯಾಕೋ ಎಳೀತೀಯ?" ಎಂದಳು ಒಲೆಯ ಪಕ್ಕದ ಮಂಚದಿಂದ ಅವನ ತಾಯಿ, ಸೆಲೀನಾಳ ಅಜ್ಜಿ ಟ್ರೈಫೀನಾ. "ಪಾಪ, ಅವು ನಿನ್ನಷ್ಟು ಮಾತಾಡಲ್ಲ. ಬಾ ನನ್ ಬಾತುಮರಿ, ಕೂತ್ಕೋ. ಕೆಟ್ಲು ಕುದೀತಾವ್ನೆ."

ಆ ಅಡುಗೆಮನೆಯಲ್ಲಿ ಕೆಟಲು ಗಂಡಸು. ಗಡಿಯಾರ, ಸುತ್ತಿಗೆ, ಬಾಗಿಲು, ಎಲ್ಲವೂ ಗಂಡಸರು. ದೋಣಿ ಮಾತ್ರ ಹೆಂಗಸು, ಅದೂ ಮೂಗಿನ ತುದಿಯಲ್ಲೇ ಸಿಟ್ಟಿರುವ ಹೆಂಗಸು. ಸೆಲೀನಾ ಪರೀಕ್ಷೆಯಲ್ಲಿ ಇದನ್ನೆಲ್ಲ ಹಾಗೆಯೇ ಬರೆದಿದ್ದಳು. ತಪ್ಪು ಎಂದು ಹೇಳುವವರು ಆ ಊರಲ್ಲಿ ಒಬ್ಬರೂ ಇರಲಿಲ್ಲವಲ್ಲ!

ಆದರೆ ನಗುವಿನ ಕೆಳಗೊಂದು ಮುಳ್ಳಿತ್ತು. ಊರಿನ ಮೀನು ಕಾರ್ಖಾನೆ ಹೋದ ವರ್ಷವೇ ಮುಚ್ಚಿತ್ತು. ಸೆಲೀನಾಳಿಗೆ ಈಗ ಉಳಿದಿದ್ದುದು ಒಂದೇ ಆಸೆ, ಊರಿನ ಪುಟ್ಟ ಆಸ್ಪತ್ರೆಯ ಮುಂಬಾಗಿಲಿನ ಮೇಜು. ಬಂದವರ ಹೆಸರು ಬರೆದುಕೊಂಡು, ಫೋನೆತ್ತಿ, ಮುದುಕರನ್ನು ಮಾತಾಡಿಸಿಕೊಂಡು ಕೂರುವ ಕೆಲಸ. ನರ್ಸಮ್ಮನಿಗೂ ಅವಳೇ ಬೇಕಿತ್ತು. ಆದರೆ ಶಾಲೆ ಮುಗಿಸಿದ ಪತ್ರವಿಲ್ಲದೆ ಮೇಲಿನವರು ಒಪ್ಪರು. ಅಜ್ಜಿಯ ಸೊಂಟದ ಮೂಳೆ ಮುರಿದ ವರ್ಷ ಸೆಲೀನಾ ಶಾಲೆ ಬಿಟ್ಟಿದ್ದಳು. ಈಗ ಇಪ್ಪತ್ತೆಂಟರಲ್ಲಿ, ಶಾಲೆ ಬಿಟ್ಟ ದೊಡ್ಡವರಿಗೆಂದೇ ಇರುವ ಪರೀಕ್ಷೆಗೆ ಕೂತಿದ್ದಳು. ಬೇಸಿಗೆ ಬರುವವರೆಗೆ ಆ ಜಾಗ ಖಾಲಿ ಇಟ್ಟಿರುತ್ತೇನೆ ಎಂದಿದ್ದಳು ನರ್ಸಮ್ಮ. ಅಷ್ಟರೊಳಗೆ ಇಂಗ್ಲಿಷ್ ಒಂದನ್ನು ಮತ್ತೆ ಬರೆದು ಗೆಲ್ಲಬೇಕು. ಇಲ್ಲದಿದ್ದರೆ ಎರಡು ಕೊಲ್ಲಿಗಳಾಚೆಯ ಏಡಿ ಕಾರ್ಖಾನೆಗೆ ಹೋಗಬೇಕು, ಅಲ್ಲೇ ಸಾಲುಮಂಚದ ಕೋಣೆಯಲ್ಲಿ ಮಲಗಬೇಕು, ಅಜ್ಜಿಯ ಮುಖ ಕಾಣುವುದು ಯಾವಾಗಲೋ ಒಂದು ಭಾನುವಾರ. ಅಪ್ಪ ಅಮ್ಮ ಪಶ್ಚಿಮದಲ್ಲಿ ಕಚ್ಚಾ ಎಣ್ಣೆ ತೆಗೆಯುವ ಊರಿಗೆ ದುಡಿಯಲು ಹೋಗಿ ಅಲ್ಲೇ ಬೇರು ಬಿಟ್ಟ ಮೇಲೆ ಸೆಲೀನಾಳಿಗೆ ತಾಯಿಯೂ ಅಜ್ಜಿ, ತಂದೆಯೂ ಅಜ್ಜಿ, ಓದಿದ ಗ್ರಂಥವೂ ಅಜ್ಜಿಯೇ.

"ಪಾಸಾಗ್ತೀಯ ಬಿಡು," ಎಂದ ಲಿಯಾಂಡರ್, ಕಪ್ಪು ಕೆಳಗಿಡುತ್ತ. "ಆಗ್ದಿದ್ರೆ ನಮ್ ದೋಣೀಲಿ ಕೆಲಸ ಕೊಡ್ತೀನಿ. ಅಲ್ಲಿ ವ್ಯಾಕರಣ ಬೇಕಿಲ್ಲ, ಬೈಗುಳ ಬಂದ್ರೆ ಸಾಕು."

*

ಪಾಠಕ್ಕೆ ಬಂದವನು ಕಾಲಿನ್ ಮೇಷ್ಟ್ರು. ಒಂಟೇರಿಯೊದ ಯಾವುದೋ ದೊಡ್ಡ ಊರಿನವನು, ಊರಿನ ಬೆರಳೆಣಿಕೆಯ ಮಕ್ಕಳಿಗೆ ಪಾಠ ಹೇಳಲು ಆ ವರ್ಷವೇ ಬಂದಿದ್ದ. ಶಾಲೆ ಬಿಟ್ಟ ಮೇಲೆ ಸೆಲೀನಾಳಿಗೂ ಹೇಳಿಕೊಡುತ್ತೇನೆಂದು ತಾನಾಗಿಯೇ ಒಪ್ಪಿಕೊಂಡ. ಒಳ್ಳೆಯವನು, ಮೆತ್ತಗಿನ ಮಾತು, ಯಾವಾಗಲೂ ಮಂಜು ಹಿಡಿದ ಕನ್ನಡಕ. ಅವನಲ್ಲಿದ್ದ ಒಂದೇ ಒಂದು ಕೆಟ್ಟ ಚಾಳಿಯೆಂದರೆ, ಬಾಗಿಲು ಬಡಿಯುತ್ತಿದ್ದ.

ಸ್ಕಿಲೆಟ್ ಕೋವ್‌ನಲ್ಲಿ ಯಾರೂ ಬಾಗಿಲು ಬಡಿಯುವುದಿಲ್ಲ. ನೆಂಟರಾಗಲಿ, ಜಗಳವಾಡಿದವರಾಗಲಿ, ನೇರ ಒಳಬಂದು, ಬೂಟು ಕಳಚಿ, ಒಲೆಯ ಹತ್ತಿರ ಕೂತ ಮೇಲೆಯೇ ಮಾತು. ಬಡಿಯುವವರೆಂದರೆ ಪೊಲೀಸಿನವನು, ಇಲ್ಲವೇ ಟೋಪಿ ಕೈಯಲ್ಲಿ ಹಿಡಿದು ಬರುವ ಪಾದ್ರಿ. ಮೊದಲ ದಿನ ಮೇಷ್ಟ್ರು ಟಕ್ ಟಕ್ ಎಂದು ಬಡಿದಾಗ ಅಜ್ಜಿ ಮಂಚದ ಮೇಲೆ ಎದ್ದು ಕೂತು ಎದೆ ಹಿಡಿದುಕೊಂಡಳು.

"ಯಾರು ಸತ್ರು?"

"ಯಾ... ಯಾರೂ ಇಲ್ಲ. ನಾನು ಪಾಠಕ್ಕೆ ಬಂದೆ," ಎಂದ ಮೇಷ್ಟ್ರು ಹೊಸಿಲಾಚೆಯೇ ನಿಂತು.

"ಪಾಠಕ್ಕೆ ಬಂದವ್ನು ಬಾಗಿಲಿಗ್ಯಾಕೋ ಹೊಡೀತೀಯ ಮಗಾ? ಅವ್ನೇನ್ ಮಾಡ್ದ ನಿಂಗೆ?"

ಮರುದಿನವೂ ಟಕ್ ಟಕ್. "ಯಾರು ಸತ್ರು?" ಅದರ ಮರುವಾರವೂ ಹಾಗೆಯೇ. ಮೇಷ್ಟ್ರಿಗೆ ಹೇಳಿದರೆ ತಲೆಯಾಡಿಸುತ್ತಿದ್ದ. ಆದರೆ ಬಾಗಿಲ ಮುಂದೆ ಬಂದಾಗ ತಾಯಿ ಕಲಿಸಿದ ಕೈ ತಾನಾಗಿ ಮೇಲೇಳುತ್ತಿತ್ತು.

ವ್ಯಾಕರಣದ ಪಾಠ ಹೇಗೋ ಕುಂಟುತ್ತ ನಡೆಯಿತು. ಆ ಊರಿನ ಮಾತಿನಲ್ಲಿ ಕ್ರಿಯಾಪದಕ್ಕೆ ಒಂದೇ ಬಾಲ. ನಾನು, ನೀನು, ಅವನು, ಊರ ನಾಯಿ, ಯಾರು ಹೋದರೂ ಬಂದರೂ ಅದೇ ಬಾಲ ಅಲ್ಲಾಡುತ್ತದೆ. ಪರೀಕ್ಷೆಯವರಿಗೆ ಒಬ್ಬೊಬ್ಬರಿಗೆ ಒಂದೊಂದು ಬಾಲ ಬೇಕು.

"ಮನೇಲಿ ಹೇಗೆ ಬೇಕಾದರೂ ಮಾತಾಡಿ ಸೆಲೀನಾ, ಅದು ತಪ್ಪಲ್ಲ," ಎಂದ ಮೇಷ್ಟ್ರು. "ಪರೀಕ್ಷೆ ಅನ್ನೋದು ಭಾನುವಾರದ ಚರ್ಚು ಇದ್ದ ಹಾಗೆ. ಹೋಗುವಾಗ ಬೇರೆ ಬಟ್ಟೆ ಹಾಕ್ಕೋತೀರಲ್ಲ, ಅಷ್ಟೇ."

ಇದು ಸೆಲೀನಾಳಿಗೆ ಹಿಡಿಸಿತು. ಅಂದಿನಿಂದ ಅವಳು ಪ್ರತಿ ಕ್ರಿಯಾಪದಕ್ಕೂ ತಲೆ ಬಾಚಿ, ಗುಂಡಿ ಹಾಕಿ, ಕೈಹಿಡಿದು ಚರ್ಚಿಗೆ ಕರೆದೊಯ್ಯತೊಡಗಿದಳು. ಕೆಟಲು, ಗಡಿಯಾರಗಳೂ ಕಾಗದದ ಮೇಲೆ ಗಂಡಸುತನ ಕಳೆದುಕೊಂಡವು. ಅಜ್ಜಿಗೆ ಇದು ಸರಿಬೀಳಲಿಲ್ಲ. "ಕೆಟ್ಲಿಗೆ 'ಅದು' ಅಂತ ಕರೆದ್ರೆ ಅವ್ನು ಯಾಕೆ ಕುದೀತಾನೆ? ನಿಂಗೆ ಯಾರಾದ್ರೂ 'ಅದು' ಅಂದ್ರೆ ನೀನು ಕುದಿಯಲ್ವಾ?"

"ನಾನು ಕುದೀತೀನಿ ಅಜ್ಜಿ, ಬೇಗಾನೆ ಕುದೀತೀನಿ," ಎಂದು ಸೆಲೀನಾ ನಕ್ಕಳು.

ವ್ಯಾಕರಣ ಹೀಗೆ ಹದಕ್ಕೆ ಬಂತು. ಅವಳನ್ನು ಹಿಂದೆ ಮುಳುಗಿಸಿದ್ದು ಅದಲ್ಲ, ಗದ್ಯಭಾಗ. ಒಂದು ಪುಟ್ಟ ಗದ್ಯ ಕೊಟ್ಟು, ಕೆಳಗೆ ಪ್ರಶ್ನೆ ಕೇಳಿ, ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸು ಎನ್ನುತ್ತಾರಲ್ಲ, ಅಲ್ಲಿ. ಓದಲು ಬಾರದೆ ಅಲ್ಲ. ಸೆಲೀನಾ ಬೇಕಾದ್ದಕ್ಕಿಂತ ಹೆಚ್ಚು ಓದುತ್ತಿದ್ದಳು.

*

ಒಂದು ಸಂಜೆ ಮೇಷ್ಟ್ರು ಅಭ್ಯಾಸಕ್ಕೆಂದು ಒಂದು ಗದ್ಯಭಾಗ ತಂದ. ಲಿಯಾಂಡರ್ ಎಂದಿನಂತೆ ಚಹಾಕ್ಕೆ ಬಂದು ಕೂತಿದ್ದ. ಸೆಲೀನಾ ಗಟ್ಟಿಯಾಗಿ ಓದಿದಳು.

ಮಿಸೆಸ್ ಹಾರ್ಲೋ ಓಣಿಯ ಕೊನೆಯ ಮನೆಯಲ್ಲಿ ಒಬ್ಬಳೇ ಇದ್ದಳು. ಹೊರಗೆ ಮಳೆ ಬರುತ್ತಿತ್ತು. ಅವಳು ನೀರು ಕಾಯಲಿಟ್ಟು, ಮೇಜಿನ ಮೇಲೆ ಎರಡು ಕಪ್ಪುಗಳನ್ನು ಜೋಡಿಸಿದಳು. ಮತ್ತೊಮ್ಮೆ ಗಡಿಯಾರ ನೋಡಿದಳು. ಅಷ್ಟರಲ್ಲಿ ಯಾರೋ ಬಾಗಿಲು ಬಡಿದರು. ಅವಳು ಎದ್ದು, ಏಪ್ರನ್ ಸವರಿಕೊಂಡು, ಬಾಗಿಲ ಕಡೆ ಬೇಗಬೇಗ ನಡೆದಳು.

ಬಾಗಿಲು ಬಡಿದ ಸದ್ದು ಕೇಳಿ ಮಿಸೆಸ್ ಹಾರ್ಲೋಗೆ ಹೇಗನಿಸಿತು? ಬೇಸರ, ಸಂತೋಷ, ಕೋಪ, ಭಯ.

"ಭಯ," ಎಂದಳು ಸೆಲೀನಾ.

"ಭಯ," ಎಂದ ಲಿಯಾಂಡರ್.

"ಅಯ್ಯೋ ಪಾಪ ಹಾರ್ಲೋ ಅಮ್ಮ," ಎಂದು ಅಜ್ಜಿ ಕಣ್ಣೊರೆಸಿಕೊಂಡಳು. "ಗಂಡನಾ, ಮಗನಾ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. "ಯಾವ ಗಂಡ? ಯಾವ ಮಗ? ಉತ್ತರ ಸಂತೋಷ. ಅವಳು ಯಾರೋ ಸ್ನೇಹಿತರಿಗಾಗಿ ಕಾಯ್ತಿದಾಳೆ. ಎರಡು ಕಪ್ಪು ಇಟ್ಟಿದಾಳೆ, ನೋಡಿ."

"ಎರಡನೇ ಕಪ್ಪು ಗಂಡಂದು ಮಗಾ," ಎಂದಳು ಅಜ್ಜಿ, ಎಳೆಯ ಮಗುವಿಗೆ ಹೇಳುವಂತೆ. "ಸಂಜೆ ಆಯ್ತು, ಮಳೆ ಬೇರೆ, ಅವ್ನ ದೋಣಿ ಇನ್ನೂ ಬಂದಿಲ್ಲ. ಅದಕ್ಕೇ ಗಡಿಯಾರ ನೋಡ್ತಾವ್ಳೆ."

"ಇಲ್ಲಿ ದೋಣಿ ಎಲ್ಲಿದೆ ಅಜ್ಜಿ? ಬರೆದೇ ಇಲ್ಲವಲ್ಲ!"

"ದೋಣಿ ಇಲ್ದೆ ಊರಾದ್ರೂ ಹೆಂಗಿರ್ತದೆ?" ಎಂದ ಲಿಯಾಂಡರ್. "ಸ್ನೇಹಿತ್ರು ಬಂದಿದ್ರೆ ಒಳಗೆ ಬರ್ತಿರ್ಲಿಲ್ವಾ ಮೇಷ್ಟ್ರೇ? ಮಳೇಲಿ ಹೊರಗೆ ನಿಂತು ಬಾಗಿಲು ಬಡ್ಕೊಳ್ಳೋಕೆ ಅವ್ರಿಗೇನ್ ಹುಚ್ಚಾ?" ಎಂದವನು ತಾನು ಯಾರ ಜೊತೆ ಮಾತಾಡುತ್ತಿದ್ದೇನೆಂದು ನೆನಪಾಗಿ ಚಹಾದೊಳಗೆ ಮುಖ ಹುದುಗಿಸಿದ.

"ಬೇಗಬೇಗ ನಡೆದಳು ಅಂತಿದೆ," ಮೇಷ್ಟ್ರು ಬಿಡಲಿಲ್ಲ. "ಭಯ ಆದವರು ಬೇಗಬೇಗ ಹೋಗ್ತಾರಾ?"

ಒಲೆಯ ಮೇಲೆ ಕೆಟಲು ಗೊಣಗುತ್ತಿತ್ತು.

"ಹೋಗ್ತಾರೆ," ಎಂದಳು ಅಜ್ಜಿ. "ನಾನು ಹೋಗಿದ್ದೆ. ಕೇಳಿ ಮುಗಿಸ್ಬಿಡೋಣ ಅಂತ ಓಡಿ ಹೋಗಿದ್ದೆ."

ಅಜ್ಜನ ದೋಣಿ ಮರಳದ ಸಂಜೆಯ ಕಥೆ ಆ ಮನೆಯಲ್ಲಿ ಯಾರೂ ಹೇಳುತ್ತಿರಲಿಲ್ಲ. ಅಜ್ಜಿಯ ನೂರೆಂಟು ಕಥೆಗಳಲ್ಲಿ ಅದೊಂದೇ ಹೇಳದ ಕಥೆ. ಮೇಷ್ಟ್ರು ಪುಸ್ತಕ ಮುಚ್ಚಿದ. ಅವನ ಮುಖ ಬೆಂದ ಏಡಿಯ ಬಣ್ಣಕ್ಕೆ ತಿರುಗಿತ್ತು. ಎರಡು ತಿಂಗಳಿಂದ ತಾನು ಆ ಬಾಗಿಲಿಗೆ ಏನು ಮಾಡುತ್ತಿದ್ದೆ ಎಂಬುದು ಅವನಿಗೆ ಆಗ ಹೊಳೆಯಿತು.

ಮುಂದಿನ ಪಾಠದ ದಿನ ಬಾಗಿಲು ತಟ್ಟನೆ ತೆರೆದುಕೊಂಡಿತು. ಮೇಷ್ಟ್ರು ಒಳಗೆ ಬಂದ, ಬೂಟು ಕಳಚಿದ, ಒಲೆಯ ಹತ್ತಿರದ ಕುರ್ಚಿಯಲ್ಲಿ ಕೂತ, ಆಮೇಲೆ "ನಮಸ್ಕಾರ" ಎಂದ. ಕಳ್ಳತನಕ್ಕೆ ಬಂದವನಂತೆ ಅವನ ಕಿವಿ ಕೆಂಪಾಗಿತ್ತು.

"ಈಗ ಮನುಷ್ಯನಾದೆ ನೋಡು," ಎಂದು ಅಜ್ಜಿ ಹಂದಿಕೊಬ್ಬಿನಲ್ಲಿ ಕರಿದ ಬಿಸಿ ಹಿಟ್ಟಿನ ಟೌಟನ್‌ಗಳ ಮೇಲೆ ಕಾಕಂಬಿ ಸುರಿದು ಅವನ ಮುಂದಿಟ್ಟಳು. "ತಿನ್ನು. ಊರ ಮೇಷ್ಟ್ರು ಅಂದ್ರೆ ಗಾಳಿಗೆ ಹಾರ್ಬಾರ್ದು."

*

ಆದರೂ ಮೇಷ್ಟ್ರು ಸೆಲೀನಾಳಿಗೆ ಒಂದು ಮಾತನ್ನು ಖಂಡಿತವಾಗಿ ಹೇಳಿದ. "ಅಜ್ಜಿ ಹೇಳಿದ್ದು ಅಜ್ಜಿಯ ಮಟ್ಟಿಗೆ ಸರಿ. ಆದರೆ ಪರೀಕ್ಷೆಯಲ್ಲಿ ಕಾಗದದ ಮೇಲೆ ಎಷ್ಟಿದೆಯೋ ಅಷ್ಟೇ. ಮನೆಯಿಂದ ಏನನ್ನೂ ತರಬಾರದು. ದೋಣಿ ತರಬಾರದು, ಅಜ್ಜನನ್ನು ತರಬಾರದು. ಏನು ಬರೆದಿದೆ, ಅದನ್ನ ಹೇಳಿ."

ಕೇಳಲು ಸುಲಭ. ಆದರೆ ಅಜ್ಜಿಯ ಕಥೆ ಉಂಡು ಬೆಳೆದವಳಿಗೆ ಒಂದು ಸಾಲು ಓದಿದರೆ ಅದರ ಹಿಂದೆ ಹತ್ತು ಸಾಲು ಕಾಣುತ್ತವೆ. ಒಂದು ಗದ್ಯದಲ್ಲಿ ಹುಡುಗಿಯೊಬ್ಬಳು ಕೊಡೆ ಮರೆತು ಬಂದರೆ, ಸೆಲೀನಾ ಕೊಡೆಯ ಜೊತೆಗೆ ಹೋಗಿಬಿಡುತ್ತಿದ್ದಳು. ಅದು ಯಾರ ಮನೆಯಲ್ಲಿ ಉಳಿಯಿತು, ಅದನ್ನು ಮರಳಿಸಲು ಯಾವ ಹುಡುಗ ಬಂದ, ಅವರ ಮದುವೆಗೆ ಯಾರು ಮುನಿಸಿಕೊಂಡರು. ಪ್ರಶ್ನೆ ಮಾತ್ರ ಹವಾಮಾನದ ಬಗ್ಗೆ ಇರುತ್ತಿತ್ತು.

"ಮತ್ತೆ ಎಲ್ಲಿಗೆ ಹೋದಿರಿ?" ಎನ್ನುತ್ತಿದ್ದ ಮೇಷ್ಟ್ರು.

"ಎರಡನೇ ಸಾಲಲ್ಲಿ ಎಡಕ್ಕೆ ತಿರುಗಿದೆ ಮೇಷ್ಟ್ರೇ. ದಾರಿ ಸಿಗ್ಲಿಲ್ಲ."

ಅಜ್ಜಿ ಇದನ್ನು ಕೇಳಿ ತಲೆಯಲ್ಲಾಡಿಸಿದಳು. "ಇದು ಓದಿನ ಕಾಯಿಲೆ ಅಲ್ಲ. ಇವಳನ್ನ ಪುಟ್ಟಜನ ಎಳ್ಕೊಂಡು ಹೋಗ್ತಾವ್ರೆ."

ಮಾಯಾವಿಗಳಾದ ಆ ಪುಟ್ಟಜನರ ನಿಜವಾದ ಹೆಸರು ಹೇಳಬಾರದು; ಹೇಳಿದರೆ ಕರೆದಂತೆ. ಬಯಲಲ್ಲಿ ಹಣ್ಣು ಕೀಳಲು ಹೋದವರಿಗೆ ಅವರು ಗೊತ್ತಿರುವ ದಾರಿಯನ್ನೇ ಗೊತ್ತಿಲ್ಲದಂತೆ ಮಾಡುತ್ತಾರೆ. ಅಜ್ಜಿಯ ಚಿಕ್ಕಮ್ಮ ಬ್ಯೂಲಾ ಹಾಗೊಮ್ಮೆ ಬುಟ್ಟಿ ಹಿಡಿದು ಹೋಗಿ, ಬೆಳಗಿನಿಂದ ಸಂಜೆಯವರೆಗೆ ಒಂದೇ ಬಂಡೆಯನ್ನು ಸುತ್ತಿದ್ದಳಂತೆ. ಕೊನೆಗೆ ಬುದ್ಧಿ ಬಂದು ಕೋಟು ಕಳಚಿ ಒಳಗು ಹೊರಗು ಮಾಡಿ ತೊಟ್ಟುಕೊಂಡಳಂತೆ. ನೋಡಿದರೆ ತನ್ನ ಮನೆಯ ಹೊಗೆಗೂಡು ಅಲ್ಲೇ ಮೂಗಿನ ಮುಂದೆ!

"ಅದಕ್ಕೇ ಜೇಬಲ್ಲಿ ರೊಟ್ಟಿ ಇಟ್ಕೊಂಡು ಹೋಗ್ಬೇಕು ಅನ್ನೋದು," ಎಂದಳು ಅಜ್ಜಿ. "ರೊಟ್ಟಿ ಇದ್ದವ್ರನ್ನ ಅವ್ರು ಮುಟ್ಟಲ್ಲ. ಬರೆಯೋಕೆ ಹೋಗೋ ದಿನ ನಾನೇ ಕೊಡ್ತೀನಿ."

ಮೇಷ್ಟ್ರು ಏನೋ ಹೇಳಲು ಬಾಯಿ ತೆರೆದ. ಬಾಯಲ್ಲಿ ಟೌಟನ್ ಇತ್ತು. ಅದನ್ನೇ ಅಗಿದ.

*

ವಸಂತದಲ್ಲಿ ಪರೀಕ್ಷೆಯ ದಿನ ಬಂತು. ಫೆರಿ ದಾಟಿ, ಬಸ್ಸು ಹಿಡಿದು ದೊಡ್ಡೂರಿನ ಕಾಲೇಜಿಗೆ ಹೋಗಬೇಕು. ಅಜ್ಜಿ ತಾನೇ ಹೆಣೆದ ಬೂದುಬಣ್ಣದ ಕಾರ್ಡಿಗನ್ ತೊಡಿಸಿ, ಅದರ ಜೇಬಿಗೆ ರೊಟ್ಟಿಯ ಅಂಚೊಂದನ್ನು ತುರುಕಿದಳು. ಲಿಯಾಂಡರ್ ದೋಣಿಕಟ್ಟೆಯಿಂದ ಕೂಗಿದ, "ಹೋಗ್ಬಾರವ್ವಾ! ಹಾರ್ಲೋ ಅಮ್ಮ ಸಿಕ್ರೆ ನಮ್ ಸಂತಾಪ ತಿಳ್ಸು!"

ಕಾಲೇಜಿನ ಬಾಗಿಲಲ್ಲಿ ಬಿಳಿಕೂದಲಿನ ಹೆಂಗಸೊಬ್ಬಳು ಪ್ರತಿಯೊಬ್ಬರ ಜೇಬನ್ನೂ ಖಾಲಿ ಮಾಡಿಸುತ್ತಿದ್ದಳು. ಸೆಲೀನಾಳ ಜೇಬಿನಿಂದ ರೊಟ್ಟಿ ಹೊರಬಂತು.

"ಒಳಗೆ ತಿನ್ನೋ ಹಾಗಿಲ್ಲಮ್ಮ."

"ಇದು ತಿನ್ನೋಕಲ್ಲ," ಎಂದಳು ಸೆಲೀನಾ.

ಆ ಹೆಂಗಸು ರೊಟ್ಟಿಯನ್ನು ನೋಡಿದಳು, ಸೆಲೀನಾಳ ಮುಖ ನೋಡಿದಳು. "ನಮ್ಮಜ್ಜೀನೂ ಕೊಡ್ತಿದ್ರು," ಎಂದಳು ದನಿ ತಗ್ಗಿಸಿ. "ಆದ್ರೂ ನಿಯಮ ನಿಯಮಾನೇ. ನನ್ ಮೇಜಿನ ಮೇಲಿರುತ್ತೆ. ದೂರದಿಂದ ನೋಡ್ತಾ ಬರೀ."

ದೂರದ ರೊಟ್ಟಿಗೆ ಬಲ ಕಡಿಮೆ. ವ್ಯಾಕರಣವೇನೋ ಚರ್ಚಿನ ಬಟ್ಟೆ ತೊಟ್ಟು ಸಾಲಾಗಿ ಕೂತಿತು. ಮೊದಲ ಗದ್ಯಭಾಗವೂ ದಾಟಿತು. ಎರಡನೆಯದರಲ್ಲಿ ಒಬ್ಬ ಮುದುಕ ಸಿಕ್ಕ. ಅವನು ದಿನವೂ ಬೆಳಿಗ್ಗೆ ಬಂದರಿಗೆ ಬಂದು, ತನ್ನ ದೋಣಿಯನ್ನು ನೋಡಿ, ಅದರ ಅಂಚನ್ನು ಕೈಯಿಂದ ತಟ್ಟಿ, ಮನೆಗೆ ಹಿಂದಿರುಗುತ್ತಿದ್ದ.

ದೋಣಿ! ಕಾಗದದ ಮೇಲೆಯೇ ದೋಣಿ! ಸೆಲೀನಾ ಹೊರಟೇಬಿಟ್ಟಳು. ಮುದುಕನಿಗೊಬ್ಬ ತಮ್ಮನಿದ್ದ, ಒಳ್ಳೆ ಹಾಡುಗಾರ. ಇಬ್ಬರೂ ಒಬ್ಬಳನ್ನೇ ಮೆಚ್ಚಿದ್ದರು. ಒಂದು ಮಂಜಿನ ಬೆಳಿಗ್ಗೆ ಜಗಳವಾಡಿ ತಮ್ಮ ಒಬ್ಬನೇ ದೋಣಿ ತೆಗೆದುಕೊಂಡು ಹೋದ. ದೋಣಿ ಮರಳಿತು, ತಮ್ಮ ಮರಳಲಿಲ್ಲ. ಅಂದಿನಿಂದ ಮುದುಕ ಕಡಲಿಗೆ ಇಳಿಯಲಿಲ್ಲ, ಆದರೆ ದೋಣಿಯನ್ನು ಮಾರಲೂ ಇಲ್ಲ. ಪ್ರತಿ ಬೆಳಿಗ್ಗೆ ಅದರ ಅಂಚನ್ನು ತಟ್ಟುವುದು ಯಾರ ಬೆನ್ನು ತಟ್ಟಿದಂತೆ? ಸೆಲೀನಾಳ ಕಣ್ಣು ತುಂಬಿಬಂತು. ಒರೆಸಿಕೊಂಡು ತಲೆಯೆತ್ತಿದರೆ, ಗೋಡೆಯ ಗಡಿಯಾರದ ಮುಳ್ಳು ತುಂಬ ದೂರ ಸರಿದಿತ್ತು. ಅಕ್ಕಪಕ್ಕದವರು ಹಾಳೆ ತಿರುಗಿಸುವ ಸದ್ದು. ಪ್ರಶ್ನೆ ಹಾಗೇ ಕೂತಿತ್ತು: ಮುದುಕ ಕಡಲಿಗೆ ಏಕೆ ಹೋಗಲಿಲ್ಲ? ಉತ್ತರಗಳಲ್ಲಿ ತಮ್ಮನ ಸುಳಿವೇ ಇಲ್ಲ. ಮತ್ತೆ ಓದಿದಳು, ಮತ್ತೆ ತಮ್ಮನೇ ಎದುರಾದ. ಮೂರನೇ ಸಲವೂ ಅದೇ ಬಂಡೆ.

ಆಸ್ಪತ್ರೆಯ ಮೇಜು ಬೇರೆ ಯಾರದ್ದೋ ಆಯಿತು, ಅಜ್ಜಿ ಒಲೆಯ ಪಕ್ಕ ಒಬ್ಬಳೇ ಕೆಟಲಿನ ಜೊತೆ ಮಾತಾಡುತ್ತಿದ್ದಳು, ಅಷ್ಟೂ ಒಂದೇ ಕ್ಷಣದಲ್ಲಿ ಕಂಡಿತು. ಅವಳು ಪೆನ್ನು ಕೆಳಗಿಟ್ಟಳು. ಕಾರ್ಡಿಗನ್ನಿನ ಗುಂಡಿ ಬಿಚ್ಚಿದಳು. ಕಳಚಿದಳು, ಎರಡು ತೋಳನ್ನೂ ಒಳಗಿನಿಂದ ಹೊರಗೆಳೆದು ತಿರುವು ಮುರುವು ಮಾಡಿ ಮತ್ತೆ ತೊಟ್ಟುಕೊಂಡಳು. ಹೆಣಿಗೆಯ ಗಂಟುಗಳೆಲ್ಲ ಹೊರಗೆ ಬಂದು ಕೂತವು. ಪಕ್ಕದ ಸಾಲಿನ ಹುಡುಗನೊಬ್ಬ ಬಾಯಿ ತೆರೆದು ನೋಡಿದ. ಬಿಳಿಕೂದಲಿನ ಹೆಂಗಸು ನೋಡಿದಳು, ಕೆಮ್ಮಿದಳು, ಕಿಟಕಿಯ ಕಡೆ ಮುಖ ತಿರುಗಿಸಿದಳು.

ಸೆಲೀನಾ ಮತ್ತೆ ಓದಿದಳು. ಈ ಸಲ ಮೆಲ್ಲಗೆ, ಬೆರಳಿಟ್ಟುಕೊಂಡು. ಎರಡನೆಯ ಸಾಲಿನ ನಡುವೆ, ಹೊಗೆಗೂಡಿನಂತೆ, ಎದ್ದು ನಿಂತಿತ್ತು: ಯಂತ್ರ ಕೆಟ್ಟಿತ್ತು, ಬಿಡಿಭಾಗ ಬರಲು ಇನ್ನೂ ಒಂದು ವಾರವಿತ್ತು.

ಅಷ್ಟೇ. ಯಂತ್ರ ಕೆಟ್ಟಿತ್ತು.

ಅವಳಿಗೆ ಸ್ವಲ್ಪ ನಿರಾಸೆಯೇ ಆಯಿತು. ಆಮೇಲೆ ಅನ್ನಿಸಿತು, ಪಾಪ, ಹೋಗಲಿ, ತಮ್ಮನಾದರೂ ಬದುಕಿಕೊಂಡ. ಉತ್ತರಕ್ಕೆ ಗುರುತು ಹಾಕಿ, ಅವನನ್ನು ಹಾಡಲು ಬಿಟ್ಟು, ಅವಳು ಮುಂದಿನ ಪುಟಕ್ಕೆ ಓಡಿದಳು.

*

ಫಲಿತಾಂಶ ಬರುವ ಹೊತ್ತಿಗೆ ಕೇಪ್ಲಿನ್ ಮೀನುಗಳು ದಡಕ್ಕೆ ಉರುಳಿ ಬರುವ ಕಾಲ. ಊರಿಗೆ ಊರೇ ಬುಟ್ಟಿ, ಬಲೆ ಹಿಡಿದು ಕಡಲಂಚಿನಲ್ಲಿತ್ತು. ನರ್ಸಮ್ಮ ಹಿಂದಿನ ದಿನವಷ್ಟೇ ಬಂದು, "ಈ ವಾರ ಕಳೆದ್ರೆ ನನ್ ಕೈಲಿ ತಡೆಯೋಕಾಗಲ್ಲ ಸೆಲೀನಾ, ಬೇರೆಯವ್ರನ್ನ ಕಳಿಸ್ತಾರಂತೆ," ಎಂದು ಹೇಳಿ ಹೋಗಿದ್ದಳು. ಫಲಿತಾಂಶ ಶಾಲೆಯ ಕಂಪ್ಯೂಟರಿಗೇ ಬರಬೇಕು. ಮೇಷ್ಟ್ರು ಬೆಳಗಿನಿಂದ ಅದರ ಮುಂದೆ ಕಾವು ಕೂತಿದ್ದ.

ಸಂಜೆ ಮಂಜು ಇಳಿದು, ಅದು ಸಣ್ಣ ಮಳೆಯಾಯಿತು. ಸೆಲೀನಾ ಕೇಪ್ಲಿನ್ ಶುಚಿಮಾಡಿ ಮುಗಿಸಿ, ನೀರು ಕಾಯಲಿಟ್ಟು, ಅಜ್ಜಿಗೊಂದು ತನಗೊಂದು ಕಪ್ಪು ಮೇಜಿನ ಮೇಲೆ ಜೋಡಿಸಿದಳು. ಮತ್ತೊಮ್ಮೆ ಗಡಿಯಾರ ನೋಡಿದಳು.

ಟಕ್ ಟಕ್.

ಅಜ್ಜಿ ಮಂಚದ ಮೇಲೆ ಎದ್ದು ಕೂತಳು. ಈ ಸಲ ಅವಳು "ಯಾರು ಸತ್ರು" ಎಂದು ಕೂಗಲಿಲ್ಲ. ಲಿಯಾಂಡರ್ ಮಾವ ಕಡಲಂಚಿನಲ್ಲಿದ್ದ. ಅಜ್ಜಿಯ ಕೈ ಹೊದಿಕೆಯ ಅಂಚನ್ನು ಹಿಡಿದದ್ದು ಬಿಡಲಿಲ್ಲ.

ಊರಿನವರು ಯಾರೂ ಬಡಿಯರು. ಮೇಷ್ಟ್ರಾದರೋ ಬಡಿಯುವುದನ್ನು ಬಿಟ್ಟು ತಿಂಗಳುಗಳೇ ಕಳೆದಿದ್ದವು. ಅವನೇ ಆಗಿದ್ದರೆ, ಬಡಿದಿದ್ದಾನೆಂದರೆ, ಒಳಗೆ ಬರಲು ಮುಖವಿಲ್ಲದ ಸುದ್ದಿ. ಅವನಲ್ಲದಿದ್ದರೆ ಇನ್ನೂ ಕೆಟ್ಟದ್ದು. ಸೆಲೀನಾಳ ಮನಸ್ಸು ಆಗಲೇ ಅರ್ಧ ದಾರಿ ಹೋಗಿತ್ತು. ಮಾವನ ಬೂಟು ಬಂಡೆಯ ಮೇಲೆ ಜಾರಿತ್ತು, ಏಡಿ ಕಾರ್ಖಾನೆಯ ಸಾಲುಮಂಚದಲ್ಲಿ ಅವಳ ಹಾಸಿಗೆ ಸುತ್ತಿಟ್ಟಿತ್ತು, ಅಜ್ಜಿಯ ಒಲೆ ಆರಿತ್ತು. ಅವಳು ಅಲ್ಲಿಯೇ ನಿಂತಳು.

ಏನು ಬರೆದಿದೆ, ಅದನ್ನ ಹೇಳಿ.

ಬಾಗಿಲು ಬಡಿದ ಸದ್ದಾಯಿತು. ಅಷ್ಟೇ. ಬೇರೇನೂ ಬರೆದಿಲ್ಲ.

"ಅಜ್ಜಿ, ಏನೂ ಆಗಿಲ್ಲ," ಎಂದಳು. "ಇನ್ನೂ ಏನೂ ಆಗಿಲ್ಲ. ಯಾರೋ ಬಾಗಿಲು ಬಡಿದ್ರು, ಅಷ್ಟೇ. ನೋಡ್ತೀನಿ ಇರು."

ಎದ್ದುಬಿದ್ದು ಓಡದೆ, ಏಪ್ರನ್ನಿಗೆ ಕೈಯೊರೆಸಿಕೊಂಡು, ಹೋಗಿ ಬಾಗಿಲು ತೆರೆದಳು.

ಮೇಷ್ಟ್ರು ನಿಂತಿದ್ದ. ದಿಬ್ಬದಿಂದ ಓಡಿ ಬಂದು ಉಸಿರು ಸಿಗುತ್ತಿರಲಿಲ್ಲ. ಕನ್ನಡಕದ ಮೇಲೆ ನೀರು ಇಳಿಯುತ್ತಿತ್ತು, ಅದರ ಹಿಂದಿನ ಕಣ್ಣು ಕಾಣುತ್ತಿರಲಿಲ್ಲ. ಮುಖ ನೋಡಿ ಓದೋಣವೆಂದರೆ ಆ ಮುಖದಲ್ಲಿ ಒಂದಕ್ಷರವೂ ಸ್ಪಷ್ಟವಿಲ್ಲ.

"ಒಳಗೆ ಬರಬಹುದಾ?" ಎಂದ.

"ಯಾರು ಸತ್ರು?" ಎಂದಳು ಅಜ್ಜಿ, ಮಗುವಿನಂಥ ದನಿಯಲ್ಲಿ.

"ಯಾರೂ ಇಲ್ಲ ಅಜ್ಜಿ! ಪಾಸು! ಪಾಸಾದ್ರು! ವ್ಯಾಕರಣದಲ್ಲಿ ಚೆನ್ನಾಗಿ, ಗದ್ಯಭಾಗದಲ್ಲಿ..." ಮೇಷ್ಟ್ರು ತಡವರಿಸಿದ, "ಗದ್ಯಭಾಗದಲ್ಲಿ ಕೂದಲೆಳೆಯಲ್ಲಿ. ಆದರೆ ಪಾಸು! ನರ್ಸಮ್ಮನಿಗೂ ಹೇಳಿ ಬಂದೆ."

ಸೆಲೀನಾ ಬಾಗಿಲಿಗೇ ಒರಗಿಕೊಂಡಳು. ಅವಳಿಗೆ ನಗು ಮೊದಲು ಬಂತೋ ಅಳು ಮೊದಲು ಬಂತೋ, ಎರಡೂ ಒಂದೇ ಬಾಗಿಲಲ್ಲಿ ನುಗ್ಗಿ ಸಿಕ್ಕಿಹಾಕಿಕೊಂಡವು.

ಅಜ್ಜಿ ಮಾತ್ರ ಕೈಗೆ ಸಿಕ್ಕ ಒದ್ದೆ ಬಟ್ಟೆಯನ್ನು ಮೇಷ್ಟ್ರ ಮೇಲೆ ಬೀಸಿ ಎಸೆದಳು. ಅದು ಅವನ ಹೆಗಲ ಮೇಲೆ ಸರಿಯಾಗಿ ಕೂತಿತು. "ಅಯ್ಯೋ ನಿನ್ ಮನೆ ಹಾಳಾಗ! ಪಾಸಾದ್ರೆ ಒಳಗೆ ಬಂದು ಹೇಳಕ್ಕೆ ಏನೋ ಕಷ್ಟ? ಸಾಯೋ ವಯಸ್ಸಲ್ಲಿ ಇರೋಳ ಎದೆಗೆ ಹಿಂಗೆ ಹೊಡೀತಾರೇನೋ?"

"ಓಡಿ ಬಂದೆ ಅಜ್ಜಿ, ಖುಷಿಯಲ್ಲಿ ಕೈ ತಾನಾಗೇ ಎದ್ದುಬಿಡ್ತು. ನಮ್ಮ ಕಡೆ ಒಳ್ಳೇ ಸುದ್ದಿ ತಂದಾಗ..." ಎಂದವನ ಕಣ್ಣು ಮೇಜಿನ ಮೇಲಿನ ಎರಡು ಕಪ್ಪುಗಳ ಮೇಲೆ ಬಿತ್ತು. ಕುದಿಯುತ್ತಿದ್ದ ಕೆಟಲು, ಗಡಿಯಾರ, ಸೆಲೀನಾಳ ಏಪ್ರನ್, ಹೊರಗಿನ ಮಳೆ, ಎಲ್ಲವನ್ನೂ ಒಂದೊಂದಾಗಿ ನೋಡಿದ.

ಅಷ್ಟರಲ್ಲಿ ಹಿಂಬಾಗಿಲು ಧಡಾರನೆ ತೆರೆದು, ಬುಟ್ಟಿ ತುಂಬ ಕೇಪ್ಲಿನ್ ಹೊತ್ತ ಲಿಯಾಂಡರ್ ಒಳಗೆ ಬಂದ. ಬೂಟು ಕಳಚಲಿಲ್ಲ. "ಏನವ್ವಾ ಪಂಡಿತೆ, ನರ್ಸಮ್ಮ ಕಡಲಂಚಲ್ಲಿ ನಿಂತು ಊರಿಗೆಲ್ಲ ಸಾರ್ತಾವ್ಳೆ! ಇನ್ಮೇಲೆ ನಿನ್ ಮುಂದೆ ಮಾತಾಡೋಕೆ ನಾನು ಚರ್ಚಿನ ಕೋಟು ಹಾಕ್ಕೋಬೇಕಾ?"

"ನೀನು ಬಾಯಿಗೆ ಏನಾದ್ರೂ ಹಾಕ್ಕೊಂಡ್ರೆ ಸಾಕು ಮಾವ," ಎಂದಳು ಸೆಲೀನಾ, ಮೂಗೊರೆಸಿಕೊಳ್ಳುತ್ತ.

ಇನ್ನೆರಡು ಕಪ್ಪುಗಳು ಮೇಜಿಗೆ ಬಂದವು. ಡಬ್ಬಿಯ ಹಾಲು ಸುರಿದು, ಚಹಾ ಬೆರೆಸಿ, ಎಲ್ಲರಿಗೂ ಕೊಟ್ಟು, ಕೆಟಲನ್ನು ಮತ್ತೆ ಒಲೆಗೇರಿಸಿದ ಮೇಲೆ ಅಜ್ಜಿ ಮಂಚಕ್ಕೆ ಮರಳಿ ಹೊದಿಕೆ ಸರಿಮಾಡಿಕೊಂಡಳು. ಅವಳ ಕೆನ್ನೆಗೆ ಬಣ್ಣ ಮರಳಿತ್ತು.

"ಈಗ ಹೇಳು ಬಾತುಮರಿ, ಪಾಸಾದವ್ಳು ನೀನು. ಬಾಗಿಲು ಬಡಿದಾಗ ಆ ಹಾರ್ಲೋ ಅಮ್ಮಂಗೆ ಏನನ್ನಿಸ್ತು?"

ಮೇಷ್ಟ್ರು ಕಪ್ಪನ್ನು ತುಟಿಯ ಹತ್ತಿರವೇ ಹಿಡಿದು ಕಾದ.

"ಸಂತೋಷ ಅಂತ ಬರೀಬೇಕು ಅಜ್ಜಿ," ಎಂದಳು ಸೆಲೀನಾ. "ಆದ್ರೆ ಬಾಗಿಲು ತೆಗೆದ ಮೇಲೆ ಬರೀತೀನಿ."

"ಅದೇ ಸರಿ," ಎಂದಳು ಅಜ್ಜಿ. "ಮೇಷ್ಟ್ರೇ, ಎದ್ದು ಕೆಟ್ಲು ಇಳಿಸು. ಆಗ್ಲಿಂದ ಕೂಗ್ತಾವ್ನೆ, ಯಾರೂ ಕೇಳೋರಿಲ್ಲ."

"ಇಳಿಸ್ತೀನಿ ಅಜ್ಜಿ," ಎಂದು ಒಂಟೇರಿಯೊದ ಮೇಷ್ಟ್ರು ಎದ್ದ. "ತುಂಬಾ ಕೋಪದಲ್ಲಿದಾನೆ ಇವನು."